ಮನೆಯ ನಾಯಿಗೆ ಮಂದೆ ಕಾಯುವ ಪಾಠ: ಮೊದಲು ನಿಲ್ಲಲು ಕಲಿಸಿ

ಮಂಗಳೂರು, ಉಡುಪಿಯ ಮನೆಗಳಲ್ಲಿ ಜರ್ಮನ್ ಶೆಫರ್ಡ್ ಹಳೆಯ ನೆಂಟ. ಈಗ ಬಾರ್ಡರ್ ಕೋಲಿ, ಶೆಲ್ಟಿಗಳೂ ಕಾಣಸಿಗುತ್ತವೆ. ಇವೆಲ್ಲ ಮಂದೆ ಕಾಯಲೆಂದೇ ಬೆಳೆಸಿದ ತಳಿಗಳು. ಫ್ಲ್ಯಾಟಿನಲ್ಲಿ ಸುಮ್ನೆ ಕೂತರೆ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತವೆ, ಸ್ಕೂಟರಿನ ಹಿಂದೆ ಓಡುತ್ತವೆ. ಬೈದರೆ ಆ ಬುದ್ಧಿ ಹೋಗುವುದಿಲ್ಲ. ಅದಕ್ಕೊಂದು ಕೆಲಸ ಕೊಡಬಹುದು.

ಶುರು ಮಾಡುವ ಮೊದಲು ಒಂದು ಸಂಗತಿ ಗೊತ್ತಿರಲಿ. ತೋಳ ಬೇಟೆಯಾಡುವಾಗ ಮೊದಲು ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟಿಸುತ್ತದೆ, ಕೊನೆಗೆ ಕಚ್ಚಿ ಕೊಲ್ಲುತ್ತದೆ. ಕುರಿಗಾಹಿಗಳು ಮರಿಗಳನ್ನು ಆರಿಸಿ ಆರಿಸಿ ಸಾಕುತ್ತ ಮೊದಲ ಭಾಗವನ್ನು ಉಳಿಸಿಕೊಂಡರು, ಕೊನೆಯದನ್ನು ತಗ್ಗಿಸಿದರು. ತಗ್ಗಿಸಿದ್ದಾರೆ ಅಷ್ಟೇ, ಪೂರ್ತಿ ಹೋಗಿಲ್ಲ. ಹಾಗಾಗಿ ಓಡಲು ಇವಕ್ಕೆ ಯಾರೂ ಕಲಿಸಬೇಕಾಗಿಲ್ಲ. ಓಟದ ನಡುವೆ ನಿಲ್ಲಲು ಮಾತ್ರ ನಾವೇ ಕಲಿಸಬೇಕು.

ಮನೆಯಲ್ಲಿ ಮೂರು ಮಾತು

ನಿಲ್ಲು, ಬಾ, ಸಾಕು. ಈ ಮೂರು ಮಾತು ಪಕ್ಕಾ ಆಗುವವರೆಗೆ ಯಾವ ಪ್ರಾಣಿಯ ಹತ್ತಿರವೂ ಹೋಗಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಒಂದು ತೊಂದರೆ ಉಂಟು. ಅಜ್ಜಿ ತುಳುವಿನಲ್ಲಿ ‘ಉಂತು’ ಅನ್ನುತ್ತಾರೆ, ಅಪ್ಪ ‘ನಿಲ್ಲು’ ಅನ್ನುತ್ತಾರೆ, ಮಕ್ಕಳು ‘ಸ್ಟಾಪ್’ ಅನ್ನುತ್ತಾರೆ. ಯಾವುದಾದರೂ ಸರಿ, ಎಲ್ಲರೂ ಒಂದನ್ನೇ ಹೇಳಿ.

ಅಂಗಳದಲ್ಲಿ ನಿಂತ ನಾಯಿ ಹೊರಗೂ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಬೆಳಗ್ಗೆ ಬೇಗ ಪಣಂಬೂರು ಅಥವಾ ಮಲ್ಪೆ ಕಡಲ ಕಿನಾರೆಗೆ ಹೋಗಿ. ಇಪ್ಪತ್ತು, ಮೂವತ್ತು ಅಡಿಯ ಹಗುರ ಹಗ್ಗ ಕಟ್ಟಿ. ಕಾಗೆಗಳನ್ನು ನೋಡಿ ನಾಯಿ ಹೊರಟ ಕ್ಷಣದಲ್ಲೇ ‘ನಿಲ್ಲು’ ಅನ್ನಿ. ನಿಂತರೆ ತಿಂಡಿ. ನಿಲ್ಲದಿದ್ದರೆ ಕಾಗೆಗಳಿಂದ ಇನ್ನೂ ದೂರ ಹೋಗಿ ಮತ್ತೆ ಶುರು. ಇದೇ ಜಾಸ್ತಿ ದಿನ ಹಿಡಿಯುವ ಭಾಗ, ಬೇಸರದ ಭಾಗವೂ ಹೌದು.

ಕುರಿ ಎಲ್ಲಿಂದ ತರುವುದು?

ನಮ್ಮ ಮಳೆಗೆ, ಒದ್ದೆ ನೆಲಕ್ಕೆ ಕುರಿಯ ಗೊರಸು ಕೊಳೆಯುವ ರೋಗ ಬೇಗ ಬರುತ್ತದೆ. ಕರಾವಳಿಯಲ್ಲಿ ಕುರಿ ಹುಡುಕುತ್ತ ಅಲೆಯುವುದು ಬೇಡ. ನಾಯಿ ತಳಿಗಳ ಸಂಸ್ಥೆಯಾದ ಅಮೆರಿಕನ್ ಕೆನಲ್ ಕ್ಲಬ್ಬಿನ ಮಂದೆ ಕಾಯುವ ಪರೀಕ್ಷೆಗಳಲ್ಲಿ ಕುರಿಯ ಜೊತೆಗೆ ಆಡು, ದನ, ಬಾತುಕೋಳಿಗಳಿಗೂ ಜಾಗ ಇದೆ. ನಮಗೆ ಹೊಂದುವುದು ಬಾತುಕೋಳಿ. ಅವು ಗುಂಪು ಬಿಡುವುದಿಲ್ಲ, ನಿಧಾನ ನಡೆಯುತ್ತವೆ, ಹೊಸಬರಿಗೆ ಯೋಚಿಸಲು ಸಮಯ ಸಿಗುತ್ತದೆ. ಆಡು ತಿರುಗಿ ನಿಂತು ಕೊಂಬು ತೋರಿಸುತ್ತದೆ. ದನ ಒದೆಯುತ್ತದೆ. ಕಂಬಳದ ಕೋಣದ ಹತ್ತಿರ ಹೋಗುವ ಯೋಚನೆ ಇದ್ದರೆ ಅಲ್ಲೇ ಬಿಡಿ ಮಾರಾಯ್ರೆ, ನಾಯಿಗೂ ಅಪಾಯ, ಯಜಮಾನರ ಬೈಗುಳವೂ ಸಿಗುತ್ತದೆ.

ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಕೊಯ್ದ ಮೇಲೆ ಬೈಲಿನ ಗದ್ದೆ ಖಾಲಿ ಇರುತ್ತದೆ. ಗದ್ದೆಯವರನ್ನು ಕೇಳಿ, ಐದಾರು ಬೆಳೆದ ಬಾತುಕೋಳಿಗಳಿಗೆ ಬಲೆಯ ದುಂಡು ಆವರಣ ಹಾಕಿ. ಮೂಲೆ ಇರಬಾರದು. ಮೂಲೆ ಸಿಕ್ಕರೆ ಹಕ್ಕಿಗಳು ಒಂದರ ಮೇಲೊಂದು ಬೀಳುತ್ತವೆ, ನಾಯಿ ಬಾಯಿ ಹಾಕುವುದೂ ಅಲ್ಲೇ. ಮನೆಯಲ್ಲಿದ್ದ ಹಳೆಯ ಮೀನಿನ ಬಲೆ ಬೇಡ, ಕಾಲು ಸಿಕ್ಕಿಕೊಳ್ಳುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ, ಬಿಸಿಲೇರುವ ಮೊದಲು ಮುಗಿಸಿ. ನಾಯಿ ಮೈ ತಣಿಸಿಕೊಳ್ಳುವುದು ಏದುಸಿರಿನಿಂದ. ನಮ್ಮ ಸೆಕೆಯಲ್ಲಿ ಗಾಳಿಯೇ ಒದ್ದೆ, ಹಾಗಾಗಿ ಆ ಉಪಾಯ ಸರಿಯಾಗಿ ನಡೆಯುವುದಿಲ್ಲ.

ಮೊದಲ ಭೇಟಿ

ಮೊದಲು ಆವರಣದ ಹೊರಗೆ ಹಗ್ಗದಲ್ಲಿ ಒಂದು ಸುತ್ತು ನಡೆಸಿ, ನಿಲ್ಲಿಸಿ. ಮೈಮರೆತು ಬೊಗಳಿದರೆ ಇವತ್ತಿಗೆ ಸಾಕು. ಶಾಂತವಾಗಿದ್ದರೆ ಒಳಗೆ ಬನ್ನಿ, ಹಗ್ಗ ಕಟ್ಟಿಯೇ ಇರಲಿ. ಈಗ ನೋಡಬೇಕಾದದ್ದು ಆಸಕ್ತಿ ಉಳಿಯುತ್ತದೆಯೇ, ಗುಂಪಿನ ಸುತ್ತ ಹೋಗಲು ನೋಡುತ್ತದೆಯೇ, ಚದುರಿದ ಹಕ್ಕಿಯನ್ನು ಗುಂಪಿಗೆ ಸೇರಿಸಲು ಹೋಗುತ್ತದೆಯೇ ಎಂದು. ಮಂದೆ ಕಾಯುವ ಹುಟ್ಟುಬುದ್ಧಿ ಇದೆಯೇ ಎಂದು ನೋಡುವ ಪ್ರವೃತ್ತಿ ಪರೀಕ್ಷೆಯಲ್ಲಿ ತೀರ್ಪುಗಾರರು ಗಮನಿಸುವುದೂ ಇಂಥದ್ದನ್ನೇ. ಒಂದೇ ಹಕ್ಕಿಯ ಮೇಲೆ ನೇರ ನುಗ್ಗಿದರೆ ಅದು ಬೇಟೆ. ಹೊರಗೆ ತನ್ನಿ. ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಹಕ್ಕಿಗಳು ಬಾಯಿ ತೆರೆದು ಉಸಿರಾಡಿದರೆ ಅದಕ್ಕೂ ಮೊದಲೇ ನಿಲ್ಲಿಸಿ.

ಮುಧೋಳ ನಾಯಿ ಇರುವವರು ಇದನ್ನು ಬಿಟ್ಟುಬಿಡುವುದು ಒಳ್ಳೆಯದು. ಅಟ್ಟಿಸಿ ಹಿಡಿಯಲೆಂದೇ ಬೆಳೆಸಿದ ತಳಿ ಅದು.

ಆಸಕ್ತಿ ಕಂಡರೆ ಮುಂದಿನ ಪಾಠ ನಿಲ್ಲುವ ಜಾಗದ್ದು. ಗಡಿಯಾರ ನೆನಪಿಸಿಕೊಳ್ಳಿ. ನಡುವೆ ಗುಂಪು, ಆರರಲ್ಲಿ ನೀವು, ಹನ್ನೆರಡರಲ್ಲಿ ನಾಯಿ. ಆಗ ಗುಂಪು ನಿಮ್ಮ ಕಡೆ ಬರುತ್ತದೆ. ನೀವು ಪಕ್ಕಕ್ಕೆ ಸರಿದರೆ ಒಳ್ಳೆಯ ನಾಯಿ ತಾನೇ ಎದುರಿಗೆ ಸರಿಯುತ್ತದೆ. ಅದು ಎಡಕ್ಕೆ ಹೋಗುವಾಗ ಒಂದು ಮಾತು, ಬಲಕ್ಕೆ ಹೋಗುವಾಗ ಇನ್ನೊಂದು ಸೇರಿಸಿ. ಇಂಗ್ಲಿಷ್ ಕುರಿಗಾಹಿಗಳು ಗಡಿಯಾರದ ದಿಕ್ಕಿಗೆ ‘ಕಮ್ ಬೈ’, ವಿರುದ್ಧಕ್ಕೆ ‘ಅವೇ’ ಅನ್ನುತ್ತಾರೆ. 1873ರಲ್ಲಿ ವೇಲ್ಸ್‌ನ ಬಾಲಾ ಊರಿನಲ್ಲಿ ಕುರಿನಾಯಿಗಳ ಸ್ಪರ್ಧೆ ನಡೆದಿತ್ತು, ಇಂದಿನ ಸ್ಪರ್ಧೆಗಳ ಬೇರು ಅಲ್ಲಿ.

ಅಮೆರಿಕನ್ ಕೆನಲ್ ಕ್ಲಬ್ಬಿನ ‘ಹರ್ಡಿಂಗ್ ಟೆಸ್ಟೆಡ್’ ಪದವಿಗೆ ನಾಯಿಗೆ ಕನಿಷ್ಠ 9 ತಿಂಗಳು ಆಗಿರಬೇಕು, ಇಬ್ಬರು ಬೇರೆ ಬೇರೆ ತೀರ್ಪುಗಾರರ ಮುಂದೆ ಪಾಸಾಗಬೇಕು. ಶುರುವಿಗೆ ನಿಲ್ಲುವುದು, ಹಿಂಡನ್ನು ಹದವಾಗಿ ನಡೆಸುವುದು, ಕೊನೆಗೆ ನಿಂತು ಕರೆದಾಗ ಬರುವುದು, ಇಷ್ಟೇ ಅದರ ತಿರುಳು. ಮೂರರಲ್ಲಿ ಎರಡು ನೀವು ಮನೆಯಲ್ಲೇ ಕಲಿಸಿದ್ದು! ಇದೇ ಕ್ರಮವನ್ನು ನಮ್ಮ ಗದ್ದೆಯಲ್ಲೂ ಇಟ್ಟುಕೊಳ್ಳಬಹುದು.

ಔಷಧದ ವಿಷಯ

ರೇಬಿಸ್ ಲಸಿಕೆ ಹೇಗೂ ಬೇಕು. ಗದ್ದೆ ನೀರಿಗೆ ಇಳಿಯುವ ನಾಯಿಗೆ ಇಲಿಜ್ವರದ ಲಸಿಕೆಯನ್ನೂ ಹಾಕಿಸಿ. ಹೆಚ್ಚಿನವರು ಕೇಳದ ಪ್ರಶ್ನೆ ಒಂದಿದೆ. ಹತ್ತಿರದಲ್ಲಿ ಆಡು, ದನ ಇದ್ದರೆ ಅವಕ್ಕೆ ಹುಳದ ಔಷಧ ಯಾವಾಗ ಕೊಟ್ಟಿರಿ ಎಂದು ಹಟ್ಟಿಯವರನ್ನು ಕೇಳಿ. ಕೋಲಿ, ಶೆಲ್ಟಿಯಂಥ ತಳಿಗಳ ಹಲವು ನಾಯಿಗಳಲ್ಲಿ ಒಂದು ಜೀನ್ ದೋಷ ಇರುತ್ತದೆ. ಅವುಗಳಿಗೆ ಐವರ್‌ಮೆಕ್ಟಿನ್ ಎಂಬ ಹುಳದ ಔಷಧ ಮೆದುಳಿಗೇರಿ ಜೀವಕ್ಕೆ ಅಪಾಯವಾಗಬಹುದು. ಔಷಧ ಕೊಟ್ಟ ಪ್ರಾಣಿಯ ಹಿಕ್ಕೆ, ಸಗಣಿ ತಿಂದರೂ ತೊಂದರೆಯಾಗಬಹುದು.

ಬಾತುಕೋಳಿಯೂ ಇಲ್ಲ, ಗದ್ದೆಯೂ ಇಲ್ಲ ಅನ್ನುವವರಿಗೆ ಜರ್ಮನಿಯಲ್ಲಿ ಹುಟ್ಟಿದ ಟ್ರೈಬಾಲ್ ಆಟ ಇದೆ. ಎಂಟು ದೊಡ್ಡ ಚೆಂಡುಗಳೇ ಹಿಂಡು, ನಾಯಿ ಒಂದೊಂದನ್ನೇ ಮೂಗಿನಿಂದ ತಳ್ಳಿ ಗೋಲಿಗೆ ತರಬೇಕು. ಜಿಮ್ಮಿನ ಒಂದು ಚೆಂಡಿನಿಂದ ಟೆರೇಸಿನಲ್ಲಿ ಶುರು ಮಾಡಿ, ಸುತ್ತ ಎತ್ತರದ ಗೋಡೆ ಇದ್ದರೆ ಮಾತ್ರ. ಮೊದಲು ಚೆಂಡಿನ ಹಿಂದೆ ಹೋಗಿ ನಿಲ್ಲಲು ಕಲಿಸಿ, ತಳ್ಳುವುದು ಆಮೇಲೆ. ನಾಯಿಯ ಉಗುರು ಕತ್ತರಿಸಿರಲಿ, ಇಲ್ಲದಿದ್ದರೆ ಚೆಂಡು ಠುಸ್.