‘ನಾಳಿಯಿಂದ ಬರಬ್ಯಾಡ್ರಿ’ ಅಂದರೆ ಮೊದಲು ಏನು ಮಾಡಬೇಕು?

ಹುಬ್ಬಳ್ಳಿ ದುರ್ಗದಬೈಲಿನ ಬಟ್ಟೆ ಅಂಗಡಿ ಇರಲಿ, ತಾರಿಹಾಳದ ಫ್ಯಾಕ್ಟರಿ ಇರಲಿ, ಬ್ಯಾಡಗಿಯ ದಲಾಲಿ ಅಂಗಡಿ ಇರಲಿ, ಕೆಲಸದಿಂದ ತೆಗೆಯುವ ಸುದ್ದಿ ನಮ್ಮ ಕಡೆ ಕಾಗದದಲ್ಲಿ ಬರುವುದು ಅಪರೂಪ. ಸಂಜೆ ಮನೆಗೆ ಹೊರಡುವ ಹೊತ್ತಿಗೆ ಕರೆದು ಒಂದೇ ಮಾತು: ‘ನಾಳಿಯಿಂದ ಬರಬ್ಯಾಡ್ರಿ.’

ನನಗೂ ಇದು ಆಗಿದೆ. ವಯಸ್ಸಿನಲ್ಲಿ ಗದಗಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಡೈರಿ, ಕ್ಯಾಲೆಂಡರ್ ಸೀಸನ್ ಮುಗಿದ ಕೂಡಲೇ ಮಾಲಕರು ಕರೆದರು. ‘ಹಿಶೇಬ ಮಾಡೀನಿ, ಇಲ್ಲೊಂದು ಸಹಿ ಹಾಕ್ರಿ’ ಅಂದರು. ಓದದೆ ಹಾಕಿದೆ. ಪ್ರೂಫ್ ನೋಡುವವನು ಓದದೆ ಸಹಿ ಹಾಕಿದ್ದು! ತಿಂಗಳ ಮೇಲೆ ಕಾರ್ಮಿಕ ಇಲಾಖೆಗೆ ಹೋದಾಗ ಅದೇ ಕಾಗದ ನನ್ನೆದುರು ಬಂತು. ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಅದರಲ್ಲಿತ್ತು. ಅಲ್ಲಿಗೆ ನನ್ನ ಕೇಸು ಮುಗಿಯಿತು.

ಅದಕ್ಕೇ ಈ ಲೇಖನ ವಕೀಲರಿಂದ ಶುರುವಾಗುವುದಿಲ್ಲ. ವಕೀಲರ ಬಳಿ ಹೋಗುವ ಮುಂಚಿನ ಒಂದು ವಾರದಿಂದ ಶುರುವಾಗುತ್ತದೆ.

ಮೊದಲನೆಯದು: ಸಹಿ ಹಾಕಬೇಡಿ

ರಾಜೀನಾಮೆ, ಖಾಲಿ ಕಾಗದ, ‘ಲೆಕ್ಕ ಚುಕ್ತಾ’ ಎಂದು ಬರೆದ ರಸೀದಿ, ಈ ಮೂರಕ್ಕೂ ಅವಸರದಲ್ಲಿ ಸಹಿ ಬೇಡ. ‘ಮನೆಯಲ್ಲಿ ತೋರಿಸಿ ನಾಳೆ ತರುತ್ತೇನೆ’ ಅನ್ನಿ. ಬರಬೇಕಾದ ಪಗಾರ ಕೊಟ್ಟರೆ ಬೇಡ ಅನ್ನಬೇಕಾಗಿಲ್ಲ. ರಸೀದಿಯಲ್ಲಿ ನಿಮ್ಮ ಕೈಯಾರೆ ‘ಬಾಕಿ ಪಗಾರ ಮಾತ್ರ ಪಡೆದಿದ್ದೇನೆ, ಕೆಲಸದಿಂದ ತೆಗೆದದ್ದಕ್ಕೆ ನನ್ನ ಒಪ್ಪಿಗೆ ಇಲ್ಲ’ ಎಂದು ಒಂದು ಸಾಲು ಬರೆದು ತೆಗೆದುಕೊಳ್ಳಿ. ಹೆದರಿಸಿ ಸಹಿ ಹಾಕಿಸಿಕೊಂಡರೆ ಮರುದಿನವೇ ಪತ್ರ ಬರೆದು ಅದನ್ನು ತಿಳಿಸಿ. ಆರು ತಿಂಗಳ ಮೇಲೆ ‘ಒತ್ತಾಯ ಮಾಡಿದ್ರು’ ಅಂದರೆ ಯಾರೂ ನಂಬುವುದಿಲ್ಲ.

ಎರಡನೆಯದು: ಬಾಯಿಮಾತನ್ನು ಕಾಗದಕ್ಕೆ ತನ್ನಿ

ಜಾಸ್ತಿ ಜನ ಸೋಲುವುದು ಇಲ್ಲೇ. ಬರಬೇಡ ಅಂದರು, ಇವರು ಸುಮ್ನೆ ಮನೆಯಲ್ಲಿ ಕುಳಿತರು. ವಿಚಾರಣೆಯ ದಿನ ಮಾಲಕರ ಕಡೆಯವರು ‘ನಾವು ತೆಗೆದೇ ಇಲ್ಲ, ಅವರೇ ಬರೋದು ಬಿಟ್ಟರು’ ಅನ್ನುತ್ತಾರೆ. ಇಲ್ಲ ಅನ್ನಲು ನಿಮ್ಮ ಹತ್ತಿರ ಏನಿದೆ?

ಮರುದಿನವೂ ಮಾಮೂಲಿ ಹೊತ್ತಿಗೆ ಕೆಲಸಕ್ಕೆ ಹೋಗಿ. ಗೇಟಿನಲ್ಲಿ ತಡೆದರೆ ವಾದ ಬೇಡ. ಸಮಯ, ತಡೆದವರು ಯಾರು, ಪಕ್ಕದಲ್ಲಿ ಯಾರಿದ್ದರು ಎಂದು ಬರೆದಿಟ್ಟುಕೊಳ್ಳಿ. ಅಂದೇ ಒಂದು ಪತ್ರ ಹಾಕಿ. ಅದಕ್ಕೆ ಇಂಗ್ಲಿಷ್ ಬೇಡ, ವಕೀಲರ ಭಾಷೆಯೂ ಬೇಡ. ಇಷ್ಟು ಸಾಕು: ‘ನಾನು ಇಂಥ ವರ್ಷದಿಂದ ನಿಮ್ಮಲ್ಲಿ ಇಂಥ ಕೆಲಸ ಮಾಡುತ್ತಿದ್ದೇನೆ. ಇಂಥ ತಾರೀಖಿನಂದು ಇಂಥವರು ನಾಳೆಯಿಂದ ಬರಬೇಡ ಎಂದರು. ಈ ದಿನ ಕೆಲಸಕ್ಕೆ ಬಂದಾಗ ಒಳಗೆ ಬಿಡಲಿಲ್ಲ. ಕಾರಣ ತಿಳಿಸಿಲ್ಲ, ನೋಟಿಸ್ ಕೊಟ್ಟಿಲ್ಲ. ನಾನು ಈಗಲೂ ಕೆಲಸ ಮಾಡಲು ಸಿದ್ಧನಿದ್ದೇನೆ.’ ಕೊನೆಯ ಸಾಲನ್ನು ಮಾತ್ರ ಮರೆಯಬೇಡಿ. ರಜಿಸ್ಟರ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ. ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಕಳಿಸಿ ರಸೀದಿ ಜೋಪಾನ ಮಾಡಿ. ಕವರ್ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಒಡೆಯದೆ ಹಾಗೇ ಇಡಿ. ಅದೂ ಸಾಕ್ಷಿಯೇ.

ಬದಲಿಗೆ ಅವರೇ ಆರೋಪ ಹೊರಿಸಿ ಚಾರ್ಜ್‌ಶೀಟ್ ಕೊಟ್ಟರೆ ತೆಗೆದುಕೊಳ್ಳಿ, ಹೇಳಿದ ದಿನದೊಳಗೆ ಉತ್ತರ ಬರೆಯಿರಿ, ವಿಚಾರಣೆಗೆ ಹಾಜರಾಗಿ. ಸಿಟ್ಟಿನಲ್ಲಿ ಹೋಗದಿದ್ದರೆ ಏಕಪಕ್ಷೀಯವಾಗಿ ಮುಗಿಸುತ್ತಾರೆ.

ಮೂರನೆಯದು: ಪುರಾವೆ ಕೂಡಿಸಿ

ನೇಮಕಾತಿ ಪತ್ರ ಇಲ್ಲ ಎಂದು ಕೈಚೆಲ್ಲಬೇಡಿ. ಬ್ಯಾಂಕ್ ಪಾಸ್‌ಬುಕ್, ಪಿಎಫ್ ಪಾಸ್‌ಬುಕ್, ಇಎಸ್ಐ ಕಾರ್ಡು, ಐಡಿ ಕಾರ್ಡು, ಹಾಜರಿ ಪುಸ್ತಕದ ಫೋಟೊ, ನಿಮ್ಮ ಕೈಬರಹದ ಬಿಲ್ಲು, ‘ಬೇಗ ಬಾ’ ಎಂದು ಬಂದ ವಾಟ್ಸ್ಆ್ಯಪ್ ಮೆಸೇಜು, ಎಲ್ಲವೂ ನೀವು ಅಲ್ಲಿ ದುಡಿದಿರಿ ಎಂದು ಹೇಳುತ್ತವೆ. ಪಿಎಫ್ ಪಾಸ್‌ಬುಕ್ಕನ್ನು ಈವತ್ತೇ ಡೌನ್‌ಲೋಡ್ ಮಾಡಿ. ಮೆಸೇಜುಗಳನ್ನು ಅಳಿಸಬೇಡಿ, ಫೋನ್ ಮಾರಬೇಡಿ. ಕೋರ್ಟಿನಲ್ಲಿ ಸ್ಕ್ರೀನ್‌ಶಾಟ್ ಒಂದೇ ಸಾಲುವುದಿಲ್ಲ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರವೂ ಬೇಕು. ಅದನ್ನು ವಕೀಲರು ಮಾಡಿಸುತ್ತಾರೆ.

ಲೆಕ್ಕದಲ್ಲಿ 240 ಎಂಬ ಅಂಕಿ ನೆನಪಿರಲಿ. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿದ್ದರೆ ಒಂದು ವರ್ಷದ ಸತತ ಸೇವೆ ಎಂದು ಲೆಕ್ಕ. ಅಂಥ ಕಾರ್ಮಿಕರನ್ನು ‘ಕೆಲಸ ಕಡಿಮೆ ಆಗಿದೆ’ ಎಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಆ ಪಗಾರ, ಜೊತೆಗೆ ದುಡಿದ ಒಂದೊಂದು ವರ್ಷಕ್ಕೆ 15 ದಿನದ ಪಗಾರ ಪರಿಹಾರ ಕೊಡಬೇಕು. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಬರುವ ಇಡಿಗಂಟು, ಬೇರೆ. ಅದರ ಲೆಕ್ಕ ಹೀಗೆ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 15,600 ರೂಪಾಯಿ, ಏಳು ವರ್ಷ ಸೇವೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 26 ಕೆಲಸದ ದಿನ ಎಂದು 15,600ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 9,000. ಏಳು ವರ್ಷಕ್ಕೆ 63,000 ರೂಪಾಯಿ. ‘ಹೋಗ್ಲಿ ಬಿಡ್ರಿ’ ಅನ್ನುವ ಮುಂಚೆ ಈ ಲೆಕ್ಕ ಹಾಕಿ ನೋಡಿ.

ಹೊಸ ವೇತನ ಸಂಹಿತೆಯಲ್ಲಿ, ಕೆಲಸದಿಂದ ತೆಗೆದರೂ ನೀವೇ ಬಿಟ್ಟರೂ, ಬಾಕಿ ಪಗಾರ ಎರಡು ಕೆಲಸದ ದಿನಗಳೊಳಗೆ ಕೈಗೆ ಬರಬೇಕು.

ನಾಲ್ಕನೆಯದು: ನಿಮ್ಮ ಬಾಗಿಲು ಯಾವುದು?

ತಪ್ಪು ಬಾಗಿಲು ತಟ್ಟಿ ಎರಡು ವರ್ಷ ಕಳೆದುಕೊಂಡವರು ಇದ್ದಾರೆ. ಕೈಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ ಮಾಡುವವರು ಕಾನೂನಿನ ಕಣ್ಣಲ್ಲಿ ಕಾರ್ಮಿಕರು. ಅವರಿಗೆ ಕಾರ್ಮಿಕ ಇಲಾಖೆ, ಆಮೇಲೆ ಹುಬ್ಬಳ್ಳಿಯ ಲೇಬರ್ ಕೋರ್ಟ್. ಸಾರಿಗೆ ಸಂಸ್ಥೆಯ ಡ್ರೈವರ್, ಕಂಡಕ್ಟರ್‌ಗಳೂ ಇಲ್ಲಿಗೇ ಬರುತ್ತಾರೆ. ಅಂಗಡಿ, ಹೋಟೆಲ್, ಆಫೀಸಿನವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಇದೆ. ಅದರ 39ನೇ ಕಲಂ ಪ್ರಕಾರ ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ. ತಪ್ಪು ಮಾಡಿದ್ದು ವಿಚಾರಣೆಯಲ್ಲಿ ರುಜುವಾತಾದರೆ ಮಾತ್ರ ನೋಟಿಸ್ ಬೇಕಿಲ್ಲ.

ಧಾರವಾಡದಲ್ಲಿ ನೆನಪಿಡಬೇಕಾದವರು ಖಾಸಗಿ ಶಾಲೆಯ ಶಿಕ್ಷಕರು. ಶಿಕ್ಷಕರು ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಅವರು ಲೇಬರ್ ಕೋರ್ಟಿಗೆ ಅಲೆದು ಪ್ರಯೋಜನ ಇಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಂ ಅಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು, ಅದೂ ಆದೇಶ ತಲುಪಿ ಮೂರು ತಿಂಗಳೊಳಗೆ. ರಾಜ್ಯ ಸರ್ಕಾರಿ ನೌಕರರಿಗೆ ಬೆಳಗಾವಿಯಲ್ಲಿ ಕೆಎಟಿ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ) ಪೀಠ ಇದೆ. ದೊಡ್ಡ ಮ್ಯಾನೇಜರುಗಳಿಗೆ ಉಳಿಯುವುದು ನೇಮಕಾತಿ ಪತ್ರದ ಷರತ್ತು ಮತ್ತು ಸಿವಿಲ್ ಕೋರ್ಟು.

ಭೇದಭಾವ ಆಗಿದ್ದರೆ

ಖಾಸಗಿ ಕೆಲಸದ ಜಾಗದ ಎಲ್ಲ ಭೇದಭಾವಕ್ಕೂ ಅನ್ವಯಿಸುವ ಒಂದೇ ಕಾಯ್ದೆ ನಮ್ಮಲ್ಲಿಲ್ಲ. ಇದು ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಏನಾಯಿತು ಎಂಬುದರ ಮೇಲೆ ದಾರಿ ಬದಲಾಗುತ್ತದೆ. ಅದೇ ಕೆಲಸಕ್ಕೆ ಹೆಂಗಸರಿಗೆ ಕಡಿಮೆ ಪಗಾರ ಕೊಡುವುದು ಅಪರಾಧ, ಕಾರ್ಮಿಕ ಇಲಾಖೆಗೆ ದೂರು ಕೊಡಿ. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ತೆಗೆದರೆ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಲೈಂಗಿಕ ಕಿರುಕುಳ ಇದ್ದರೆ 2013ರ ಕಾಯ್ದೆಯಡಿ ಮೂರು ತಿಂಗಳೊಳಗೆ ಸಂಸ್ಥೆಯ ಆಂತರಿಕ ಸಮಿತಿಗೆ ದೂರು. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಮಾಲಕರ ಮೇಲೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ಪರಿಶಿಷ್ಟ ಜಾತಿ-ಪಂಗಡದವರನ್ನು ಜಾತಿ ಹಿಡಿದು ಬೈದಿದ್ದರೆ ಪೊಲೀಸ್ ಠಾಣೆಯಲ್ಲಿ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಬಹುದು. ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಬೈದರೇ ಎಂಬುದು ಅಲ್ಲಿ ಮುಖ್ಯ ಪ್ರಶ್ನೆ. ಆಗ ಅಲ್ಲಿದ್ದವರ ಹೆಸರು ಅದಕ್ಕೇ ಬೇಕು.

ಐದನೆಯದು: ಅರ್ಜಿ, ಸಂಧಾನ, ಕೋರ್ಟು

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದಿಂದ ತೆಗೆದ ವಿವಾದ ಎತ್ತಲು ಹಿಂದೆ ಮೂರು ವರ್ಷ ಅವಕಾಶ ಇತ್ತು. ಈಗ ಎರಡು. ಕಾರ್ಮಿಕ ಅಧಿಕಾರಿಗಳಿಗೆ ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಅರ್ಜಿ ತಲುಪಿದ್ದಕ್ಕೆ ಹಾಕುವ ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ. ಅವರು ಎರಡೂ ಕಡೆಯವರನ್ನು ಕರೆದು ಸಂಧಾನ ಮಾಡಿಸುತ್ತಾರೆ. ಇಲ್ಲಿ ವಕೀಲರಿಗೆ ಪ್ರವೇಶ ಇಲ್ಲ, ಯೂನಿಯನ್ ಮುಖಂಡರು ನಿಮ್ಮ ಪರ ಕೂರಬಹುದು. ಮೊತ್ತ ಸರಿ ಅನಿಸಿದರೆ ಇಲ್ಲೇ ಮುಗಿಸುವುದು ವಾಸಿ. ಕೋರ್ಟಿನ ತಾರೀಖುಗಳು ಉದ್ದ. ಸಂಧಾನಕ್ಕೆ 45 ದಿನ. ಆಗದಿದ್ದರೆ ಸಂಧಾನ ಆಗಲಿಲ್ಲ ಎಂಬ ಅಧಿಕಾರಿಗಳ ವರದಿ ಕೈಸೇರಿ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಹೊಸ ಸಂಹಿತೆಯಲ್ಲಿ ಹೆಸರು ಕೈಗಾರಿಕಾ ನ್ಯಾಯಮಂಡಳಿ, ಜನರ ಬಾಯಲ್ಲಿ ಅದಿನ್ನೂ ಲೇಬರ್ ಕೋರ್ಟೇ.

ಫೀಸಿಗೆ ದುಡ್ಡಿಲ್ಲವೇ? ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಸಹಾಯವಾಣಿ 15100. ಆಧಾರ್, ಜಾತಿ ಪ್ರಮಾಣಪತ್ರ ಮತ್ತು ಮೇಲೆ ಹೇಳಿದ ಕಾಗದಗಳ ಝೆರಾಕ್ಸ್ ಒಯ್ಯಿರಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ನಿಮ್ಮ ವಕೀಲರಿಗೂ.

ಗೆದ್ದರೆ ಮರಳಿ ಕೆಲಸ ಸಿಗಬಹುದು, ಅಥವಾ ಒಟ್ಟು ಮೊತ್ತದ ಪರಿಹಾರ. ಅನ್ಯಾಯವಾಗಿ ತೆಗೆದಿದ್ದರೆ ಹಿಂಬಾಕಿ ಪಗಾರ ಸಹಜವಾಗಿಯೇ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಆ ಅವಧಿಯಲ್ಲಿ ಬೇರೆ ದುಡಿಮೆ ಇರಲಿಲ್ಲ, ಅಥವಾ ಮೊದಲಿಗಿಂತ ಕಡಿಮೆ ಪಗಾರಕ್ಕೆ ದುಡಿದೆ ಎಂದು ನೀವು ಹೇಳಿರಬೇಕು. ಮರಳಿ ಕೆಲಸ ಕೊಡಬೇಕೆಂಬ ಆದೇಶದ ವಿರುದ್ಧ ಮಾಲಕರು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದರೆ, ಅಲ್ಲಿ ಕೇಸು ನಡೆಯುವಷ್ಟು ಕಾಲ ನಿಮ್ಮ ಕೊನೆಯ ಪಗಾರ ಕೊಡುತ್ತಿರಬೇಕು. ಅದಕ್ಕೂ ಬೇರೆ ಕಡೆ ಕೆಲಸದಲ್ಲಿಲ್ಲ ಎಂಬ ಅಫಿಡವಿಟ್ ಬೇಕು. ಹೊಟ್ಟೆಪಾಡಿಗೆ ಆಟೊ ಓಡಿಸಿದ್ದರೆ ಮುಚ್ಚಿಡಬೇಡಿ, ಎಷ್ಟು ಬಂತು ಎಂದು ಬರೆದಿಡಿ. ಕೆಲಸ ಕೇಳಿ ಬೇರೆ ಕಡೆ ಹಾಕಿದ ಅರ್ಜಿಗಳ ಪ್ರತಿಯನ್ನೂ ಅದೇ ಫೈಲಿಗೆ ಸೇರಿಸಿ.