ಹಳೆಯ ರೋಡ್ ಸೈಕಲ್‌ಗೆ ಮರುಜೀವ: ಮೊದಲು ಅಳತೆ, ಆಮೇಲೆ ಬಿಡಿಭಾಗ

ಹಳೆಯ ಸ್ಟೀಲ್ ರೋಡ್ ಸೈಕಲ್ ಕೈಗೆ ಬಂದರೆ ಪಾಲಿಶ್ ಡಬ್ಬಿ ಬದಿಗಿಟ್ಟು ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ಸೆಕೆಂಡ್ ಹ್ಯಾಂಡ್ ಬಿಡಿಭಾಗ ಕೈಕೊಡುವುದು ಹಳತಾಗಿದೆ ಅಂತಲ್ಲ. ಎಷ್ಟೋ ಸಲ ಅಳತೆಯೇ ಕೂಡಿರುವುದಿಲ್ಲ.

ಮೊದಲು ಫ್ರೇಮ್ ನೋಡಿ. ಹ್ಯಾಂಡಲ್ ಹತ್ತಿರ ಕೆಳಗಿನ ಪೈಪಿನ ಅಡಿಯಲ್ಲಿ ಬೆರಳಾಡಿಸಿ. ಉಬ್ಬು ಅಥವಾ ಸುಕ್ಕು ಸಿಕ್ಕರೆ ಸೈಕಲ್ ಮುಂದಿನಿಂದ ಗುದ್ದಿರುವ ಸಾಧ್ಯತೆ ಜಾಸ್ತಿ, ಅಂಥದ್ದು ಬೇಡ. ಮೇಲ್ಮೇಲಿನ ತುಕ್ಕಿಗೆ ಹೆದರಬೇಕಿಲ್ಲ. ಸೀಟ್ ಪೋಸ್ಟ್ (ಸೀಟು ಕೂರುವ ಕೊಳವೆ) ತಿರುಗುತ್ತದೆಯೇ ಅಂತಲೂ ನೋಡಿ. ಗ್ರೀಸ್ ಇಲ್ಲದೆ ವರ್ಷಗಟ್ಟಲೆ ಕೂತ ಅಲ್ಯೂಮಿನಿಯಂ ಪೋಸ್ಟ್ ಸ್ಟೀಲ್ ಪೈಪಿಗೆ ಕಚ್ಚಿಕೊಂಡುಬಿಡುತ್ತದೆ.

ಈಗ ಅಳತೆ. ಹಿಂಚಕ್ರ ಕೂರುವ ಜಾಗದ ಒಳ ಅಗಲ ಸಾಮಾನ್ಯವಾಗಿ ಹಿಂದೆ 5 ಗೇರ್ ಹಲ್ಲುಚಕ್ರ ಇರುವ 5 ಸ್ಪೀಡ್‌ಗೆ 120 ಮಿ.ಮೀ., 6–7 ಸ್ಪೀಡ್‌ಗೆ 126, ಅದರ ನಂತರದವಕ್ಕೆ 130. 27 ಇಂಚಿನ ಚಕ್ರ ಮತ್ತು 700ಸಿ ಚಕ್ರ ನೋಡಲು ಒಂದೇ ಥರ. ಆದರೆ ಟೈರ್ ಕೂರುವ ವ್ಯಾಸ 27ಕ್ಕೆ 630, 700ಸಿಗೆ 622 ಮಿ.ಮೀ. 27 ತೆಗೆದು 700ಸಿ ಹಾಕಿದರೆ ಬ್ರೇಕ್ ರಬ್ಬರ್ 4 ಮಿ.ಮೀ. ಕೆಳಗೆ ಇಳಿಯಬೇಕು. ಇಳಿಯುತ್ತದಾ ನೋಡಿಕೊಂಡೇ ಕೊಳ್ಳಿ. ಬಾಟಂ ಬ್ರಾಕೆಟ್ (ಪೆಡಲ್‌ಗಳ ಆಕ್ಸಲ್ ತಿರುಗುವ ಬೇರಿಂಗ್ ಭಾಗ) ಇಂಗ್ಲಿಷ್ ಥ್ರೆಡ್‌ನದಾದರೆ ಚೈನ್ ಕಡೆಯ ಕಪ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇಟಾಲಿಯನ್ ಥ್ರೆಡ್‌ನಲ್ಲಿ ಹಾಗಿಲ್ಲ. ತಿಳಿಯದೆ ಬಲ ಹಾಕಬೇಡಿ.

ಹಳೆಯ ಭಾಗಗಳಲ್ಲಿ ನನಗೆ ಜಾಸ್ತಿ ನಂಬಿಕೆ ಇರುವುದು ಕಪ್-ಕೋನ್ ಹಬ್ ಮೇಲೆ. ಅಂದರೆ ಚಕ್ರದ ನಡುವಿನ ಹಬ್‌ನ ಕಪ್ ಮತ್ತು ಆಕ್ಸಲ್ ಮೇಲಿನ ಕೋನ್ ನಡುವೆ ಬಿಡಿ ಬೇರಿಂಗ್ ಗುಂಡುಗಳು ಉರುಳುವ ಬಗೆ. ಆಕ್ಸಲ್ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ತಿರುಗಿಸಿ. ಸುತ್ತೆಲ್ಲ ಒಂದೇ ಥರ ಬಿಗಿಯಿದ್ದರೆ ಬಹುಶಃ ಗ್ರೀಸ್ ಒಣಗಿದೆ ಅಷ್ಟೆ. ಕಟಕಟ ತಡೆದರೆ ಬಿಚ್ಚಿ ನೋಡಿ. ಕೋನ್ ಮೇಲೆ ಗುಳಿ ಬಿದ್ದಿದ್ದರೆ ಕೋನ್ ಬದಲಿಸಬಹುದು, ಹಬ್‌ನ ಕಪ್‌ನಲ್ಲೇ ಗುಳಿ ಬಿದ್ದಿದ್ದರೆ ಕೊಳ್ಳಬೇಡಿ. ಒಳಗೆ ಒರೆಸಿ, ಹೊಸ ಗುಂಡು, ಹೊಸ ಗ್ರೀಸ್ ಹಾಕಿ. ಸಾಮಾನ್ಯವಾಗಿ ಹಿಂಚಕ್ರದ ಹಬ್‌ಗೆ ಒಂದೊಂದು ಬದಿಗೆ 9 ಗುಂಡು, 1/4 ಇಂಚಿನವು. ಕೋನ್ ಬಿಗಿ ಮಾಡುವಾಗ ಕೂದಲೆಳೆಯಷ್ಟು ಸಡಿಲ ಬಿಡಿ. ಕ್ವಿಕ್ ರಿಲೀಸ್ (ಚಕ್ರವನ್ನು ಫ್ರೇಮಿಗೆ ಬಿಗಿಯುವ ಲಿವರ್) ಬಿಗಿದಾಗ ಆಕ್ಸಲ್ ಒತ್ತಿಕೊಂಡು ಆ ಸಡಿಲ ಹೋಗುತ್ತದೆ. ಇದೊಂದು ಗೊತ್ತಿಲ್ಲದೆಯೇ ಎಷ್ಟೋ ಒಳ್ಳೆಯ ಹಬ್ ಹಾಳಾಗುತ್ತವೆ.

ಕ್ಲಿಕ್ ಇಲ್ಲದ ಗೇರ್ ಲಿವರ್ ಸಿಕ್ಕರೆ ಬಿಡಬೇಡಿ, ಬೇರೆ ಬೇರೆ ಕಂಪನಿಯ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಜೊತೆಗೂ ಅದು ಹೊಂದಿಕೊಳ್ಳುತ್ತದೆ. ಪೆಡಲ್ ಹಿಡಿದಿರುವ ತೋಳಾದ ಕ್ರ್ಯಾಂಕ್‌ನಲ್ಲಿ ಪೆಡಲ್ ತೂತಿನ ಸುತ್ತ ಬಿರುಕು ಹುಡುಕಿ.

ಬ್ರೇಕ್ ರಬ್ಬರ್, ಕೇಬಲ್, ಟೈರ್ ಮಾತ್ರ ಹೊಸದೇ ಇರಲಿ. ಎಲ್ಲಿಂದ ಬಂತೋ ಗೊತ್ತಿಲ್ಲದ ಅಲ್ಯೂಮಿನಿಯಂ ಹ್ಯಾಂಡಲ್ ಬೇಡವೇ ಬೇಡ, ಅದು ಮುರಿಯುವ ಮುಂಚೆ ಹೇಳಿ ಮುರಿಯುವುದಿಲ್ಲ. ಚೈನನ್ನು ಸ್ಕೇಲಿನಲ್ಲಿ ಅಳೆಯಿರಿ. 12 ಇಂಚಿಗೆ 1/16 ಇಂಚು ಹಿಗ್ಗಿದ್ದರೆ ಚೈನ್ ಬದಲಿಸಿ. 1/8 ಹಿಗ್ಗಿದ್ದರೆ ಫ್ರೀವೀಲ್ (ಹಿಂಚಕ್ರದ ಗೇರ್ ಹಲ್ಲುಚಕ್ರಗಳ ಗುಚ್ಛ) ಹಲ್ಲೂ ಸವೆದಿರುತ್ತವೆ, ಅದರ ಮೇಲೆ ಹೊಸ ಚೈನ್ ಹಾಕಿದರೆ ಜಾರುತ್ತದೆ.

ಜೋಡಿಸುವಾಗ ಸೀಟ್ ಪೋಸ್ಟ್‌ಗೆ, ಪೆಡಲ್ ಥ್ರೆಡ್‌ಗೆ ಗ್ರೀಸ್ ಮರೆಯಬೇಡಿ. ಎಡ ಪೆಡಲ್‌ನದು ಉಲ್ಟಾ ಥ್ರೆಡ್. ಜೋರು ಮಳೆಯಲ್ಲಿ ಓಡಿಸಿದ ದಿನ ಪೋಸ್ಟ್ ತೆಗೆದು ಸೈಕಲ್ ತಲೆಕೆಳಗು ಮಾಡಿ, ಫ್ರೇಮಿನೊಳಗಿನ ನೀರು ಬಸಿದುಹೋಗಲಿ.