ಮೊಮ್ಮಗಳ ಗೋ-ಕಾರ್ಟ್: ಮೋಟರ್ ಕೂರಿಸಿದ್ದು ಕೊನೆಗೆ

ಮಕ್ಕಳಿಗೆ ಗೋ-ಕಾರ್ಟ್ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಮೋಟರ್ ತರುತ್ತಾರೆ. ಆಮೇಲೆ ಅದಕ್ಕೆ ತಕ್ಕ ಚಾಸಿ (ಗಾಡಿಯ ಚೌಕಟ್ಟು), ಚಕ್ರ ಹುಡುಕುತ್ತಾರೆ. ಬ್ರೇಕಿನ ನೆನಪಾಗುವುದು ಎಲ್ಲ ಮುಗಿದ ಮೇಲೆ. ನಾನು ಈ ಕ್ರಮವನ್ನೇ ಉಲ್ಟಾ ಮಾಡಿದೆ. ಮೊದಲು ಬ್ರೇಕ್, ಆಮೇಲೆ ಸ್ಟಿಯರಿಂಗ್, ಕೊನೆಗೆ ಮೋಟರ್. ಮೊಮ್ಮಗಳಿಗೆ ಆಗ ಆರು ವರ್ಷ. ಮೋಟರ್ ಇಲ್ಲದ ಗಾಡಿಯಲ್ಲೇ ಅವಳು ಬೇಸಿಗೆ ರಜೆಯನ್ನೆಲ್ಲ ಕಳೆದಳು. ಗಾಡಿ ಕೈಗೆ ಕೂತ ಮೇಲೆ ಕರೆಂಟ್ ಕೊಟ್ಟೆ.

ನಾನು ಬೆಂಗಳೂರಿನ ಪೀಣ್ಯದ ಮಷಿನ್ ಶಾಪುಗಳಲ್ಲಿ ಲೇತ್ ಕೆಲಸ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಕೆಲಸ ಮಾಡಿ ನಿವೃತ್ತನಾದವನು. ವೆಲ್ಡಿಂಗ್ ಕೂಡ ಬರುತ್ತದೆ. ಹಾಗಾಗಿ ಹಬ್‌ಗಳನ್ನೆಲ್ಲ (ಚಕ್ರ, ಬ್ರೇಕ್ ಡಿಸ್ಕ್ ಇತ್ಯಾದಿ ಆಕ್ಸಲ್ಲಿಗೆ ಕೂರುವ ನಡುಭಾಗ) ಹಳೆಯ ಸ್ನೇಹಿತರ ಶಾಪಿನಲ್ಲಿ ನಾನೇ ಲೇತಿನಲ್ಲಿ ಟರ್ನಿಂಗ್ ಮಾಡಿಕೊಂಡೆ. ಲೇತ್ ಗೊತ್ತಿಲ್ಲದವರು ಇಲ್ಲಿರುವ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಹತ್ತಿರದ ಲೇತ್ ಶಾಪಿಗೆ ಕೊಟ್ಟರೆ ಸಾಕು, ಮಾಡಿಕೊಡುತ್ತಾರೆ.

ನಮ್ಮ ಕಾಲದಲ್ಲಿ ಬೇರಿಂಗ್ ಗಾಡಿ ಇತ್ತು. ಲಾರಿ ಗ್ಯಾರೇಜಿನಲ್ಲಿ ಬಿಸಾಡಿದ ಮೂರು ಬೇರಿಂಗ್, ಒಂದು ಹಲಗೆ, ಮುಂದೆ ಅಡ್ಡ ಕಟ್ಟಿಗೆ. ಇಳಿಜಾರು ಸಿಕ್ಕರೆ ಸವಾರಿ. ಬ್ರೇಕ್ ಅಂದರೆ ನಮ್ಮ ಕಾಲಿನ ಹಿಮ್ಮಡಿ. ಗೋ-ಕಾರ್ಟ್ ಶುರುವಾದದ್ದೂ ಹೀಗೆ, ಕೈಗೆ ಸಿಕ್ಕಿದ್ದನ್ನು ಜೋಡಿಸುತ್ತಲೇ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತ ಲೂ ಬೊರೆಲ್ಲಿ ಎಂಬ ಸ್ನೇಹಿತನ ಜೊತೆ ಸೇರಿ ಮೊದಲ ಕಾರ್ಟ್ ಮಾಡಿದ. ಇಂಗೆಲ್ಸ್ ರೇಸ್ ಕಾರು ಕಟ್ಟುವ ಕಂಪನಿಯ ಕೆಲಸಗಾರ. ಅವನು ಹಾಕಿದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿ ಮಿಕ್ಕುಳಿದಿದ್ದ ಟೂ-ಸ್ಟ್ರೋಕ್ ಎಂಜಿನ್. ಅವನ ಕಾರ್ಟ್ ದೊಡ್ಡವರಿಗೆ. ನಮ್ಮದು 20 ಕೆ.ಜಿ. ತೂಗುವ ಹುಡುಗಿಗೆ. ಆ ವ್ಯತ್ಯಾಸ ಪ್ರತಿ ಅಳತೆಯಲ್ಲೂ ಬರಬೇಕು.

ಅದಕ್ಕೇ ಮೊದಲು ಅಳೆದದ್ದು ಅವಳನ್ನು. ತಾರಸಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದೆ. ಕಾಲು ಚಾಚಲು ಹೇಳಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಪೆಡಲನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಕಾಲು ನೆಟ್ಟಗಾಗಿಬಿಟ್ಟರೆ ಒತ್ತಲು ಬಲ ಸಾಲದು. ಕೈಗೂ ಹಾಗೆಯೇ. ಈ ಗುರುತುಗಳ ಸುತ್ತ ಗಾಡಿಯ ನಕ್ಷೆಯನ್ನು ನಿಜದ ಅಳತೆಯಲ್ಲೇ ನೆಲದ ಮೇಲೆ ಬರೆದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 90 ಸೆಂ.ಮೀ., ಎಡಚಕ್ರದಿಂದ ಬಲಚಕ್ರಕ್ಕೆ 70 ಸೆಂ.ಮೀ., ಸೀಟಿನ ತಳ ನೆಲದಿಂದ 12 ಸೆಂ.ಮೀ. ಅಗಲ ಜಾಸ್ತಿ, ಎತ್ತರ ಕಡಿಮೆ ಇದ್ದರೆ ಗಾಡಿ ಮಗುಚುವುದು ಕಷ್ಟ. ಪೆಡಲ್ ಪ್ಲೇಟಿಗೆ 3 ಸೆಂ.ಮೀ.ಗೊಂದು ತೂತು ಕೊರೆದೆ. ಮಕ್ಕಳು ಬೆಳೆಯುತ್ತಾರೆ, ಗಾಡಿ ಬೆಳೆಯುವುದಿಲ್ಲ ಅಲ್ವಾ?

ಚಾಸಿಗೆ 25 ಮಿ.ಮೀ. ಎಂ.ಎಸ್. (ಸಾದಾ ಉಕ್ಕಿನ) ಸ್ಕ್ವೇರ್ ಪೈಪ್ ತಂದೆ, 16 ಗೇಜಿನದು, ಅಂದರೆ ಸುಮಾರು 1.6 ಮಿ.ಮೀ. ದಪ್ಪದ್ದು. 6 ಮೀಟರಿನ ಒಂದು ಉದ್ದ ಸುಮಾರು 7 ಕೆ.ಜಿ. ತೂಗುತ್ತದೆ. ಎರಡು ಉದ್ದ ತಂದರೆ ಮಿಕ್ಕುತ್ತದೆ. ಇನ್ನೂ ದಪ್ಪದ್ದು ಬೇಕಿಲ್ಲ, ಸುಮ್ನೆ ತೂಕ. ಎಲ್ಲ ಮೂಲೆಗೂ ಮೊದಲು ಬರೀ ಟ್ಯಾಕ್ (ಸಣ್ಣ ಚುಕ್ಕೆ ವೆಲ್ಡ್) ಹಾಕಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಿ. ಎರಡೂ ಅಳತೆ ಒಂದೇ ಬಂದರೆ ಮಾತ್ರ ಪೂರ್ತಿ ವೆಲ್ಡಿಂಗ್. ಒಂದೇ ಕಡೆ ಸತತವಾಗಿ ವೆಲ್ಡ್ ಮಾಡಿದರೆ ಕಾವಿಗೆ ಚೌಕಟ್ಟು ಎಳೆದುಕೊಳ್ಳುತ್ತದೆ. ಎದುರು ಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಮುಗಿಸಿಕೊಂಡು ಬಂದೆ.

ಚಕ್ರದ ವಿಷಯದಲ್ಲಿ ಒಂದು ಮಾತು. ಮಕ್ಕಳ ಸೈಕಲ್ಲಿನ ಚಕ್ರ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಆಸೆಯಾಗುತ್ತದೆ. ಅದು ಬೇಡ. ಸೈಕಲ್ ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಭಾರ ಕಡ್ಡಿಗಳ ಮೇಲೆ ನೇರವಾಗಿ ಬೀಳುತ್ತದೆ. ನಾಲ್ಕು ಚಕ್ರದ ಗಾಡಿ ವಾಲುವುದಿಲ್ಲ, ಚಕ್ರವನ್ನು ಅಡ್ಡಕ್ಕೆ ತಳ್ಳುತ್ತದೆ. ಕಡ್ಡಿ ಚಕ್ರ ಅಷ್ಟು ತಡೆಯುವುದಿಲ್ಲ, ಸೊಟ್ಟಗಾಗುತ್ತದೆ. ನಾನು ಹಾಕಿದ್ದು ಗೋಡೌನಿನ ಟ್ರಾಲಿಗೆ ಬರುವ 10 ಇಂಚಿನ ಗಾಳಿ ಚಕ್ರ. ಅದರ ರಿಮ್ ಎರಡು ತಗಡಿನ ಭಾಗವಾಗಿ ಬಂದು ನಾಲ್ಕು ಬೋಲ್ಟಿನಲ್ಲಿ ಸೇರುತ್ತದೆ. ಸಸ್ಪೆನ್ಷನ್ ಇಲ್ಲದ ಗಾಡಿಗೆ ಆ ಗಾಳಿಯೇ ಸ್ಪ್ರಿಂಗ್. ಟೈರಿನ ಮೇಲೆ ಬರೆದಿರುವುದಕ್ಕಿಂತ ಸ್ವಲ್ಪ ಕಡಿಮೆ ಗಾಳಿ ಇಟ್ಟರೆ ಮಗುವಿನ ಬೆನ್ನಿಗೆ ಒಳ್ಳೆಯದು.

ಈಗ ಬ್ರೇಕ್. ಹಿಂದಿನ ಎರಡು ಚಕ್ರಗಳನ್ನೂ ಒಂದೇ ಆಕ್ಸಲ್ಲಿಗೆ (ಅಚ್ಚಿಗೆ) ಬಿಗಿ ಮಾಡಿದೆ. 20 ಮಿ.ಮೀ. ಬ್ರೈಟ್ ಬಾರ್ (ನಯವಾದ ಉಕ್ಕಿನ ಸರಳು), ಅದನ್ನು ಹಿಡಿಯಲು ಎರಡು ಯು.ಸಿ.ಪಿ. 204 ಬೇರಿಂಗ್ ಬ್ಲಾಕ್, ಹಬ್ ಜಾರದಂತೆ ತಡೆಯಲು 6 ಮಿ.ಮೀ. ಕೀ (ಉಕ್ಕಿನ ಸಣ್ಣ ತುಂಡು). ಚಕ್ರಕ್ಕೆ ಫ್ಲಾಂಜ್ (ಬೋಲ್ಟ್ ಹಾಕುವ ದುಂಡು ತಟ್ಟೆ) ಟರ್ನ್ ಮಾಡಿ, ರಿಮ್ಮಿನ ನಾಲ್ಕು ಬೋಲ್ಟುಗಳ ಜಾಗದಲ್ಲಿ ಉದ್ದದ ಬೋಲ್ಟ್ ಹಾಕಿ ಕೂರಿಸಿದೆ. ರೇಸ್ ಕಾರ್ಟ್‌ಗಳಲ್ಲೂ ಹಿಂದಿನ ಆಕ್ಸಲ್ ಹೀಗೇ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ಇದರಿಂದ ತಿರುವಿನಲ್ಲಿ ಒಂದು ಚಕ್ರ ಸ್ವಲ್ಪ ಜಾರಬೇಕಾಗುತ್ತದೆ. ಮಣ್ಣಿನ ನೆಲದಲ್ಲಿ ಅದು ಗೊತ್ತೂ ಆಗುವುದಿಲ್ಲ. ಒಂದೇ ಚಕ್ರಕ್ಕೆ ಬಿಗಿ ಮಾಡಿದರೆ ತಿರುವು ಸಲೀಸು, ನಿಜ. ಆದರೆ ಆಗ ಬ್ರೇಕ್ ಕೂಡ ಆ ಒಂದೇ ಚಕ್ರವನ್ನು ಹಿಡಿಯುತ್ತದೆ, ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಆರು ವರ್ಷದ ಮಗು ಗಾಬರಿಯಿಂದ ಬ್ರೇಕ್ ಒತ್ತಿದಾಗ ಗಾಡಿ ನೇರವಾಗಿ ನಿಲ್ಲಬೇಕು. ನನಗೆ ಅದು ಮುಖ್ಯ.

ಬ್ರೇಕಿಗೆ ಗೇರ್ ಸೈಕಲ್ಲಿನ 160 ಮಿ.ಮೀ. ಡಿಸ್ಕ್, ಅದನ್ನು ಹಿಡಿಯುವ ಕೇಬಲ್ ಕ್ಯಾಲಿಪರ್. ಡಿಸ್ಕಿಗೆ 6 ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ 44 ಮಿ.ಮೀ. ಹಬ್ ಮಾಡಿಸುವಾಗ ಈ ಅಳತೆ ಬೇಕಾಗುತ್ತದೆ. ಮಗುವಿನ ಕಾಲಿನ ಬಲ ಕಡಿಮೆ. ಹಾಗಾಗಿ ಪೆಡಲನ್ನು 4ಕ್ಕೆ 1ರ ಲಿವರ್ ಮಾಡಿದೆ. ತಿರುಗಣೆಯಿಂದ ಪಾದಕ್ಕೆ 16 ಸೆಂ.ಮೀ., ಕೇಬಲಿಗೆ 4 ಸೆಂ.ಮೀ. ಅದೇ ಡಿಸ್ಕಿಗೆ ಎರಡನೇ ಕ್ಯಾಲಿಪರ್ ಕೂರಿಸಿ, ಅದರ ಕೇಬಲನ್ನು ಸೀಟಿನ ಹಿಂದೆ ತಳ್ಳುವ ಹಿಡಿಗೆ ತಂದೆ. ಅಲ್ಲಿ ಸಾದಾ ಸೈಕಲ್ ಬ್ರೇಕ್ ಲಿವರ್. ಹಿಂದೆ ನಡೆಯುವ ದೊಡ್ಡವರ ಕೈಯಲ್ಲೂ ಬ್ರೇಕ್ ಇರಬೇಕು, ಇದರಲ್ಲಿ ರಾಜಿ ಇಲ್ಲ. ಡಿಸ್ಕಿನ ಕೆಳಗೆ ಕಲ್ಲು ತಾಗದಂತೆ ಒಂದು ಪಟ್ಟಿ. ಪರೀಕ್ಷೆಗೆ ಮರಳಿನ ಚೀಲ ಕೂರಿಸಿದೆ. 40 ಕೆ.ಜಿ., ಅಂದರೆ ಅವಳ ಎರಡರಷ್ಟು ತೂಕ. ಇಳಿಜಾರಿನಲ್ಲಿ ಹಗ್ಗ ಹಿಡಿದು ಬಿಟ್ಟು, ಹಿಂದಿನ ಲಿವರ್ ಒತ್ತಿ ನಿಲ್ಲಿಸಿ ನೋಡಿದೆ. ಆಮೇಲೆ ಕಾಲಿನ ಪೆಡಲನ್ನು ಕೈಯಲ್ಲೇ ಒತ್ತಿ ಹಿಡಿದು ತಳ್ಳಿ ನೋಡಿದೆ. ಗಾಡಿ ಅಲುಗಲಿಲ್ಲ.

"ತಾತ, ಇದು ಓಡೋದು ಯಾವಾಗ?" ಅಂತ ಅವಳು ದಿನಾ ಕೇಳುತ್ತಿದ್ದಳು.

"ನಿಲ್ಲೋದು ಗ್ಯಾರಂಟಿ ಆಗ್ಲಿ ಪುಟ್ಟಿ, ಓಡೋದು ಸುಲಭ" ಅಂತಿದ್ದೆ.

ಕಾಯುವಾಗ ಅವಳು ಸುಮ್ಮನೆ ಕೂರಲಿಲ್ಲ. ನಟ್ಟು, ವಾಷರ್ ಎಲ್ಲ ಅಳತೆ ಪ್ರಕಾರ ಡಬ್ಬಿಗೆ ಹಾಕಿದಳು. ಪೈಪಿಗೆ ಉಪ್ಪುಕಾಗದ ತಿಕ್ಕಿದಳು. ವೆಲ್ಡಿಂಗ್ ಮತ್ತು ಗ್ರೈಂಡರ್ ನಡೆಯುವಾಗ ಮಾತ್ರ ಮನೆಯೊಳಗೆ ಅಜ್ಜಿಯ ಹತ್ತಿರ. ಅಜ್ಜಿ ಸೀಟಿಗೆ ದಿಂಬು ಹೊಲಿದಳು. ಸೀಟು ಅಂದರೆ ಕಾಲು ಕತ್ತರಿಸಿದ ಮಕ್ಕಳ ಪ್ಲಾಸ್ಟಿಕ್ ಕುರ್ಚಿ, ಕೆಳಗೆ ಪ್ಲೈವುಡ್. ಬಣ್ಣ ಹಳದಿ ಅಂತ ತೀರ್ಮಾನ ಮಾಡಿದ್ದು ಮೊಮ್ಮಗಳು.

ಸ್ಟಿಯರಿಂಗ್ ನನಗೆ ಇಡೀ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟ ಭಾಗ. ಗಾಡಿ ತಿರುಗುವಾಗ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಓಡುತ್ತದೆ, ಹೊರಗಿನದು ದೊಡ್ಡ ವೃತ್ತದಲ್ಲಿ. ಎರಡೂ ಒಂದೇ ಕೋನಕ್ಕೆ ತಿರುಗಿದರೆ ಒಂದು ಚಕ್ರ ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ಒಳಗಿನದು ಸ್ವಲ್ಪ ಹೆಚ್ಚು ತಿರುಗಬೇಕು. ಇದಕ್ಕೆ ಉಪಾಯ ಹುಡುಕಿದ್ದು ಮೋಟರ್ ಕಾರು ಬರುವ ಮೊದಲೇ, ಕುದುರೆ ಗಾಡಿಗಾಗಿ. ಜರ್ಮನಿಯ ಮ್ಯೂನಿಕ್‌ನಲ್ಲಿ ಗಾಡಿ ಮಾಡುತ್ತಿದ್ದ ಲಾಂಕೆನ್ಸ್‌ಪೆರ್ಗರ್ 1817ರಲ್ಲಿ ಇದನ್ನು ಕಂಡುಹಿಡಿದ. ಮರುವರ್ಷ ಇಂಗ್ಲೆಂಡಿನಲ್ಲಿ ಅವನ ಪರವಾಗಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಹೆಸರು ಆಕರ್‌ಮನ್‌ನದೇ ಉಳಿಯಿತು. ಇವತ್ತಿನ ಕಾರುಗಳ ಸ್ಟಿಯರಿಂಗ್ ಹಿಂದೆಯೂ ಇರುವುದು ಇದೇ ಲೆಕ್ಕ.

ಮಾಡುವುದು ಸುಲಭ. ತಾರಸಿಯ ನಕ್ಷೆಯಲ್ಲಿ ಹಿಂದಿನ ಆಕ್ಸಲ್ಲಿನ ನಟ್ಟನಡುವೆ ಒಂದು ಮೊಳೆ ಇಟ್ಟೆ. ಅಲ್ಲಿಂದ ಮುಂದಿನ ಎರಡು ಕಿಂಗ್‌ಪಿನ್‌ಗಳಿಗೆ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಪಿನ್ನು) ದಾರ ಎಳೆದೆ. ಸ್ಟಿಯರಿಂಗ್ ತೋಳುಗಳು ಆ ದಾರದ ಮೇಲೆಯೇ ಬರುವಂತೆ ವೆಲ್ಡ್ ಮಾಡಿದರೆ ಆಯಿತು. ತೋಳುಗಳ ತುದಿಯನ್ನು ಸೇರಿಸುವ ಟೈ ರಾಡಿಗೆ ಒಂದು ಕಡೆ ಬಲ ತ್ರೆಡ್ಡಿನ, ಇನ್ನೊಂದು ಕಡೆ ಎಡ ತ್ರೆಡ್ಡಿನ ರಾಡ್ ಎಂಡ್ (ಗುಂಡು ಕೀಲಿನ ಕೊಂಡಿ) ಹಾಕಿ. ರಾಡನ್ನು ತಿರುಗಿಸಿದರೆ ಸಾಕು, ಚಕ್ರಗಳ ನೇರ ಹೊಂದಿಕೊಳ್ಳುತ್ತದೆ. ಕಿಂಗ್‌ಪಿನ್ 12 ಮಿ.ಮೀ.ನ 8.8 ಗ್ರೇಡ್ (ಗಟ್ಟಿ ಉಕ್ಕಿನ) ಬೋಲ್ಟ್. ಅದರ ತಲೆಯನ್ನು 10 ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಿದ್ದೇನೆ. ಕೈ ಬಿಟ್ಟರೆ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಇನ್ನೂ ಹೆಚ್ಚು ವಾಲಿಸಿದರೆ ಪುಟ್ಟ ಕೈಗೆ ಸ್ಟಿಯರಿಂಗ್ ಭಾರವಾಗುತ್ತದೆ. ಸ್ಟಿಯರಿಂಗಿನಲ್ಲಿರುವ ಪ್ರತಿ ನಟ್ಟೂ ನೈಲಾಕ್, ಅಂದರೆ ಒಳಗೆ ನೈಲಾನ್ ಉಂಗುರ ಇರುವುದು. ಸಾದಾ ನಟ್ಟು ಅದುರಿ ಅದುರಿ ಬಿಚ್ಚಿಕೊಳ್ಳುತ್ತದೆ.

ಇಷ್ಟಾದ ಮೇಲೆ ಬೇಸಿಗೆ ರಜೆ. ನಮ್ಮ ಬಡಾವಣೆಯ ಪಕ್ಕದ ಮೈದಾನದಲ್ಲಿ ಒಂದು ಕಡೆ ಸಣ್ಣ ಇಳಿಜಾರಿದೆ. ಅಲ್ಲಿಂದ ಬಿಟ್ಟರೆ ಗಾಡಿ ಸುಮಾರು ದೂರ ಓಡುತ್ತದೆ. ಹೆಲ್ಮೆಟ್, ಶೂ, ಬಿಗಿಯಾಗಿ ಕಟ್ಟಿದ ಜಡೆ, ಪ್ಯಾಂಟು. ನಾನು ಒಂದು ಇಟ್ಟಿಗೆ ಇಟ್ಟು "ಇಲ್ಲಿ ನಿಲ್ಲಿಸು" ಅನ್ನುತ್ತಿದ್ದೆ. ಮರುದಿನ ಇಟ್ಟಿಗೆಯ ಜಾಗ ಬದಲು. ಎಷ್ಟು ಒತ್ತಿದರೆ ಎಲ್ಲಿ ನಿಲ್ಲುತ್ತದೆ ಅನ್ನುವುದು ಅವಳ ಕಾಲಿಗೆ ಗೊತ್ತಾಗುವವರೆಗೂ ಇದೇ ಆಟ. ಮಗಳಿಗೆ ಮೊದಲು ಭಯ ಇತ್ತು. "ಅಪ್ಪಾ, ಮೋಟರ್ ಬೇಡ ಕಣಪ್ಪಾ" ಅಂದಿದ್ದಳು. ಈ ಆಟ ನೋಡಿದ ಮೇಲೆ ಅವಳೇ "ಇನ್ನು ಹಾಕಪ್ಪಾ" ಅಂದಳು.

ಅವಳ ಭಯ ಸುಳ್ಳಲ್ಲ. ಮುಂದೆ ಫಾರ್ಮುಲಾ ಒನ್ ಕಾರ್ ರೇಸಿನ ಚಾಂಪಿಯನ್ ಆದ ಮೈಕೆಲ್ ಶುಮಾಕರ್ ನಾಲ್ಕು ವರ್ಷದವನಿದ್ದಾಗ ಅವನ ಅಪ್ಪ ಮಗನ ಪೆಡಲ್ ಕಾರ್ಟಿಗೆ ಸಣ್ಣ ಬೈಕ್ ಎಂಜಿನ್ ಕೂರಿಸಿದರು. ಹುಡುಗ ಹೋಗಿ ದೀಪದ ಕಂಬಕ್ಕೆ ಗುದ್ದಿದ. ಆಮೇಲೆ ಮನೆಯವರು ಅವನನ್ನು ಕಾರ್ಟ್ ಟ್ರ್ಯಾಕಿಗೆ ಕರೆದುಕೊಂಡು ಹೋದರು. ಅದೇ ಸರಿಯಾದ ಜಾಗ. ನಮ್ಮ ಗಾಡಿಯೂ ರಸ್ತೆಗೆ ಇಳಿಯುವುದಿಲ್ಲ, ಮನೆ ಮುಂದಿನ ಗಲ್ಲಿಗೂ ಇಲ್ಲ. ಬರೀ ಮೈದಾನ.

ಮೋಟರ್ ಮತ್ತು ಕಂಟ್ರೋಲರ್ (ಮೋಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವು. 24 ವೋಲ್ಟ್, 250 ವ್ಯಾಟ್, ಗೇರ್ ಬಾಕ್ಸ್ ಇರುವ ಡಿ.ಸಿ. ಮೋಟರ್. ಅಂಗಡಿಯಲ್ಲಿ ಎಂ.ವೈ. 1016 ಝಡ್ 2 ಅಂತ ಕೇಳಿ. ಗೇರ್ ಬಾಕ್ಸ್ ಇಲ್ಲದ್ದು ನಿಮಿಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದು ನಮಗೆ ಬೇಡ. ಇದು ಸುಮಾರು 300 ಸುತ್ತು. ಇದರ ಮೇಲೆ ಸೈಕಲ್ ಚೈನು ಕೂರುವ 9 ಹಲ್ಲಿನ ಸ್ಪ್ರಾಕೆಟ್ (ಹಲ್ಲುಚಕ್ರ) ಇದೆ. ಆಕ್ಸಲ್ಲಿಗೆ 18 ಹಲ್ಲಿನ ಸೈಕಲ್ ಫ್ರೀವೀಲ್, ಅಂದರೆ ಒಂದೇ ದಿಕ್ಕಿಗೆ ಎಳೆದು ಇನ್ನೊಂದು ದಿಕ್ಕಿಗೆ ಸುಮ್ಮನೆ ತಿರುಗುವ ಹಲ್ಲುಚಕ್ರ. ಅಂದರೆ ಆಕ್ಸಲ್ 150 ಸುತ್ತು. 10 ಇಂಚಿನ ಚಕ್ರ ಒಂದು ಸುತ್ತಿಗೆ 80 ಸೆಂ.ಮೀ. ಹೋಗುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ 7 ಕಿ.ಮೀ. ಚಿಲ್ಲರೆ. ದೊಡ್ಡವರು ಬಿರುಸಾಗಿ ಹೆಜ್ಜೆ ಹಾಕಿದರೆ ಪಕ್ಕದಲ್ಲೇ ಇರಬಹುದು. ಕಂಟ್ರೋಲರಿನಲ್ಲಿ ವೇಗ ಕಟ್ಟಿಹಾಕುವ ಬದಲು ಹಲ್ಲಿನ ಲೆಕ್ಕದಲ್ಲೇ ಕಟ್ಟಿಹಾಕಿದ್ದೇನೆ. ಪಾನಾ ಹಿಡಿಯದೆ ಅದನ್ನು ಯಾರೂ ಬದಲಾಯಿಸುವ ಹಾಗಿಲ್ಲ.

ಫ್ರೀವೀಲ್ ಹಬ್ಬಿನ ತ್ರೆಡ್ 1.37 ಇಂಚು ವ್ಯಾಸದ್ದು, ಇಂಚಿಗೆ 24 ತ್ರೆಡ್. ಅದನ್ನು ಗಾಡಿಯ ಬಲಕ್ಕೇ ಇಡಬೇಕು. ಆಗ ಚೈನಿನ ಎಳೆತಕ್ಕೆ ತ್ರೆಡ್ ಬಿಗಿಯಾಗುತ್ತಾ ಹೋಗುತ್ತದೆ. ಚೈನಿಗೆ ಎಲ್ಲ ಕಡೆಯಿಂದ ತಗಡಿನ ಮುಚ್ಚಳ ಹಾಕದೆ ಒಂದು ಸಲವೂ ಮೋಟರ್ ಆನ್ ಮಾಡಬೇಡಿ. ಪುಟ್ಟ ಬೆರಳು, ಫ್ರಾಕಿನ ಅಂಚು, ಕೂದಲು, ಯಾವುದಾದರೂ ಸಿಕ್ಕಿಕೊಳ್ಳಬಹುದು.

ಬ್ಯಾಟರಿ 12 ವೋಲ್ಟಿನ 12 ಎ.ಎಚ್.ನ (ಆಂಪಿಯರ್-ಅವರ್) ಎರಡು, ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಸೇರಿಸಿ 24 ವೋಲ್ಟ್. ಒಂದೊಂದೂ ಹತ್ತಿರ ಹತ್ತಿರ 4 ಕೆ.ಜಿ. ಸೀಟಿನ ಎರಡೂ ಪಕ್ಕ ತಗ್ಗಿನಲ್ಲಿ ಕೂರಿಸಿ ಪಟ್ಟಿ ಬಿಗಿದೆ. ಮನೆಯ ತೂಕದ ಯಂತ್ರವನ್ನು ಒಂದೊಂದೇ ಚಕ್ರದ ಕೆಳಗೆ ಇಟ್ಟು ನೋಡಿದೆ, ಉಳಿದ ಚಕ್ರಗಳ ಕೆಳಗೆ ಅಷ್ಟೇ ಎತ್ತರದ ಹಲಗೆ. ನೂರರಲ್ಲಿ ನಲವತ್ತು ಪಾಲು ಭಾರವಾದರೂ ಮುಂದಿನ ಚಕ್ರಗಳ ಮೇಲೆ ಇರಬೇಕು. ಇಲ್ಲದಿದ್ದರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಬ್ಯಾಟರಿಯ ಬುಡದಲ್ಲೇ 20 ಆಂಪ್ಸ್ ಫ್ಯೂಸ್. ಬ್ರೇಕ್ ಪೆಡಲಿಗೆ ಒಂದು ಸಣ್ಣ ಸ್ವಿಚ್. ಬ್ರೇಕ್ ಮುಟ್ಟಿದ ಕೂಡಲೇ ಮೋಟರಿಗೆ ಕರೆಂಟ್ ನಿಲ್ಲುತ್ತದೆ, ಇನ್ನೊಂದು ಕಾಲು ಆಕ್ಸಿಲರೇಟರ್ ಮೇಲೇ ಇದ್ದರೂ ಸರಿ. ಕಂಟ್ರೋಲರಿನ ಕೀ ವಯರಿಗೆ (ಆನ್-ಆಫ್ ಮಾಡುವ ವಯರು) ಒಂದು ಪ್ಲಗ್ ಹಾಕಿ ಉದ್ದದ ದಾರ ಕಟ್ಟಿದೆ. ದಾರ ನಮ್ಮ ಕೈಯಲ್ಲಿ. ಎಳೆದರೆ ಪ್ಲಗ್ ಕಿತ್ತು ಬರುತ್ತದೆ, ಮೋಟರ್ ಬಂದ್.

ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು ಆಯಿತು. ಸಮತಟ್ಟು ನೆಲದಲ್ಲಿ ಮುಕ್ಕಾಲು ಗಂಟೆ ಆರಾಮಾಗಿ ಓಡುತ್ತದೆ. ಪೂರ್ತಿ ಖಾಲಿಯಾಗುವವರೆಗೆ ಓಡಿಸಿದರೆ ಈ ಬ್ಯಾಟರಿಗಳ ಆಯಸ್ಸು ಬೇಗ ಮುಗಿಯುತ್ತದೆ. ಗಾಡಿ ಸ್ವಲ್ಪ ನಿಧಾನವಾಯಿತು ಅನ್ನಿಸಿದರೆ ಆಟ ನಿಲ್ಲಿಸಿ ಚಾರ್ಜಿಗೆ ಹಾಕುತ್ತೇವೆ. ಚಾರ್ಜರ್ 24 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಗೆಂದೇ ಇರುವುದು.

ಪ್ರತಿ ಸಲ ಹೊರಡುವ ಮುಂಚೆ ಅವಳು ಗಾಡಿಯ ಸುತ್ತ ಒಂದು ಸುತ್ತು ಬರುತ್ತಾಳೆ. ಟೈರ್ ಒತ್ತಿ ನೋಡುತ್ತಾಳೆ, ಚಕ್ರ ಅಲ್ಲಾಡಿಸುತ್ತಾಳೆ, ಬ್ರೇಕ್ ಒತ್ತಿಕೊಂಡು "ತಾತ, ತಳ್ಳು" ಅನ್ನುತ್ತಾಳೆ. ಗಾಡಿ ಮುಂದಕ್ಕೆ ಹೋಗದಿದ್ದರೆ ಮಾತ್ರ ಕೀ ಕೊಡುತ್ತೇನೆ. ಈಗ ಕಾಲು ಉದ್ದವಾಗಿದೆ, ಪೆಡಲ್ ಪ್ಲೇಟನ್ನು ಒಂದು ತೂತು ಮುಂದಕ್ಕೆ ಹಾಕಿದ್ದೇವೆ. 16 ಹಲ್ಲಿನ ಫ್ರೀವೀಲ್ ಕೂಡ ತಂದಿಟ್ಟಿದ್ದೇನೆ. ಅದನ್ನು ಹಾಕಿದರೆ ವೇಗ 8 ಕಿ.ಮೀ. ದಾಟುತ್ತದೆ. ಚೈನು ಸಡಿಲವಾದರೆ ಮೋಟರನ್ನು ಹಿಂದೆ ಮುಂದೆ ಸರಿಸಲು ಉದ್ದ ತೂತು ಇಟ್ಟಿದ್ದೇನೆ. ಬ್ರೇಕ್ ಕೇಬಲ್ ಸಡಿಲವಾಗಿರುವುದನ್ನು ಅವಳೇ ಕಂಡುಹಿಡಿದು, ಅವಳೇ ಬಿಗಿ ಮಾಡಲು ಕಲಿತ ಮೇಲೆ ಆ 16 ಹಲ್ಲಿನ ಫ್ರೀವೀಲ್ ಹಾಕುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.